ಸೊಂಡಿಲು ಮುರಿದ ಗಣಪತಿಯ ಬ್ಯಾಂಕಾಕ್ ಪ್ರವಾಸ

ಬ್ಯಾಂಕಾಕಿನ ಹೋಟೆಲ್ ಮುಂದೆ ವ್ಯಾನ್ ಹತ್ತುವಾಗ ನನ್ನ ಕೈಚೀಲದಲ್ಲಿ ಸನ್‌ಸ್ಕ್ರೀನ್, ಕೋಡುಬಳೆ ಡಬ್ಬಿ, ಅವೆರಡರ ನಡುವೆ ರವಿಕೆ ಕಣದಲ್ಲಿ ಸುತ್ತಿದ ಗಣಪತಿ ಇದ್ದ. ಜನ ಥಾಯ್ಲೆಂಡಿಗೆ ಏನಾದರೂ ಕೊಂಡು ತರಲು ಹೋಗುತ್ತಾರೆ. ನಾನು ಪರ್ತ್‌ನಿಂದ ಹೊರಟಿದ್ದು ದೇವರನ್ನು ಬಿಟ್ಟು ಬರಲು.

ಆ ಗಣಪತಿ ಅಮ್ಮನದು. ಅಂಗೈಯಗಲದ ಕಪ್ಪು ಕಲ್ಲಿನ ಮೂರ್ತಿ. ನಾನು ಮೈಸೂರು ಬಿಡುವ ದಿನ ಅಮ್ಮ ಅದನ್ನು ಸೆರಗಿನಿಂದ ಒರೆಸಿ ನನ್ನ ಕೈಗಿಟ್ಟಿದ್ದಳು. ಅಮ್ಮ ಈಗಿಲ್ಲ. ಅವಳ ಒಡವೆ ಅಕ್ಕನ ಪಾಲಾಯಿತು, ಸೀರೆಗಳು ಅತ್ತಿಗೆಯ ಬೀರು ಸೇರಿದವು, ನನಗೆ ಉಳಿದದ್ದು ಇದೊಂದೇ. ಪರ್ತ್‌ ಹೊರವಲಯದ ಎಲೆನ್‌ಬ್ರೂಕ್‌ನ ನಮ್ಮ ಮನೆಯಲ್ಲಿ ದೇವರಿಗೆ ಮೂಲೆಯಲ್ಲೊಂದು ಪುಟ್ಟ ಮಣೆ. ನೆಲ ಗುಡಿಸಲೆಂದು ನನ್ನವರು ಸೇಲಿನಲ್ಲಿ ತಂದ ರೋಬೋ ಒಂದು ಮಧ್ಯಾಹ್ನ ನೇರವಾಗಿ ಹೋಗಿ ಆ ಮಣೆಗೇ ಗುದ್ದಿತು. ಗಣಪತಿ ಟೈಲ್ಸ್ ಮೇಲೆ ಬಿದ್ದು ಸೊಂಡಿಲಿನ ತುದಿ ಮುರಿಯಿತು. ನಾನು ಓಡಿ ಬರುವಷ್ಟರಲ್ಲಿ ಆ ಚೂರನ್ನೂ ಕಸವೆಂದು ರೋಬೋ ನುಂಗಿ ಆಗಿತ್ತು. ಸಿಟ್ಟಿಗೆ ಅದನ್ನು ಗರಾಜಿಗೆ ದಬ್ಬಿದವಳು ಮತ್ತೆ ಮುಟ್ಟಲಿಲ್ಲ.

ಅಷ್ಟಕ್ಕೆ ನಾನು ಸುಮ್ಮನಿರಬಾರದಿತ್ತೇ? ಏನು ಮಾಡಲಿ ಎಂದು ವಾಟ್ಸಾಪಿನಲ್ಲಿ ಕೇಳಿದೆ. ಪರ್ತ್, ಬ್ರಿಸ್ಬೇನ್, ಅಡಿಲೇಡಿನ ಕೆಲವು ಕನ್ನಡ ಮನೆಗಳ ಗುಂಪು ನಮ್ಮದು. ಅಡಿಲೇಡಿನ ಕಿಲ್ಬರ್ನ್‌ನಲ್ಲಿರುವ ಅಂಕಲ್ ಒಬ್ಬರು ಅದರ ಸುಪ್ರೀಂ ಕೋರ್ಟು. ಏಕಾದಶಿಗೆ ಆವಕಾಡೊ ನಡೆಯುತ್ತದೆಯೇ, ಎಲೆಕ್ಟ್ರಿಕ್ ಕಾರಿನ ಚಕ್ರಕ್ಕೂ ನಿಂಬೆಹಣ್ಣು ಇಡಬೇಕೇ, ಎಲ್ಲಕ್ಕೂ ಅವರದೇ ತೀರ್ಪು. ನನ್ನ ಕಾಫಿ ಆರುವುದರೊಳಗೆ ಅವರ ಧ್ವನಿ ಸಂದೇಶ ಬಂತು. "ಭಿನ್ನವಾದ ವಿಗ್ರಹ ಮನೇಲಿ ಇಟ್ಕೋಬಾರ್ದಮ್ಮ. ಮನೆಗೆ ಒಳ್ಳೇದಲ್ಲ. ಹರಿಯೋ ನೀರಿಗೆ ಬಿಟ್ಬಿಡು."

ಪರ್ತ್‌ನಲ್ಲೂ ನದಿಯಿದೆ. ಆದರೆ ನನ್ನವರು ಸುತರಾಂ ಒಪ್ಪಲಿಲ್ಲ. "ಫೈನ್ ಹಾಕ್ತಾರೆ ಕಣೇ. ಯಾರಾದ್ರೂ ಫೋಟೋ ತೆಗೆದ್ರೆ ನನ್ನ ಕೆಲಸದ ಗತಿ?" ಅವರು ಗಣಿ ಕಂಪನಿಯಲ್ಲಿ ಭೂವಿಜ್ಞಾನಿ. ಗುಡ್ಡಕ್ಕೆ ಗುಡ್ಡವನ್ನೇ ಸಿಡಿಸಿ ಹಡಗಿಗೆ ತುಂಬಿಸುವ ಕಂಪನಿಗೆ ಜಾಗ ತೋರಿಸಿ ಕೊಡುವ ಮಹಾನುಭಾವರಿಗೆ ಅಂಗೈಯಗಲದ ಕಲ್ಲೊಂದು ನೀರಿಗೆ ಬಿದ್ದರೆ ಪರಿಸರದ ಚಿಂತೆ. ಅದಕ್ಕೂ ಅಂಕಲ್ ಬಳಿ ಪರಿಹಾರವಿತ್ತು. ಶಾಲೆಯ ರಜೆಗೆ ಮೂರೂ ಊರಿನವರು ಬ್ಯಾಂಕಾಕಿನಲ್ಲಿ ಸೇರುವುದೆಂದು ಮೊದಲೇ ನಿಶ್ಚಯವಾಗಿತ್ತು. "ಅಲ್ಲಿ ತೇಲೋ ಮಾರ್ಕೆಟ್ ಇದೆ, ಸುತ್ತ ನೀರೇ. ಯಾರೂ ಕೇಳಲ್ಲ," ಎಂದರು. ಆಸ್ಟ್ರೇಲಿಯಾದ ನೀರು ಶುದ್ಧವಾಗಿರಬೇಕು, ಥಾಯ್ಲೆಂಡಿನದು ಹೇಗಿದ್ದರೂ ನಡೆಯುತ್ತದೆ. ನಾನೂ ತಲೆಯಾಡಿಸಿದೆ. ರಾತ್ರಿ ಮಾತ್ರ ನಿದ್ದೆ ಬರಲಿಲ್ಲ.

ಕೊಟ್ಟ ಕಾಸಿಗೆ ಮೋಸವಾಗಬಾರದೆಂದು ಅಂಕಲ್ ಎರಡು ಸಂತೆ, ಜೊತೆಗೆ ಹಳೆಯ ದೇವಾಲಯಗಳನ್ನೆಲ್ಲ ಒಂದೇ ದಿನಕ್ಕೆ ತುರುಕಿದ್ದರು. ಹಳದಿ ಕೊಡೆ ಎತ್ತಿ ಹಿಡಿದ ಗೈಡ್ ಹೆಂಗಸು ಮೊದಲು ರೈಲು ಹಳಿಯ ಮೇಲೆಯೇ ನಡೆಯುವ ಸಂತೆಗೆ ಕರೆದೊಯ್ದಳು. ರೈಲು ಬರುತ್ತಿದ್ದಂತೆ ಮಾರುವವರು ಬಿಸಿಲಿನ ಪರದೆ ಮಡಚಿ, ಮೀನಿನ ಬುಟ್ಟಿ ಒಳಗೆಳೆದುಕೊಂಡರು. ಅಂಕಲ್ ಮಾತ್ರ ಹಳಿಯ ನಡುವೆ ನಿಂತು ಮೊಬೈಲಿಗೆ ಭಾಷಣ ಮಾಡುತ್ತಿದ್ದರು. ಗೈಡ್ ಅವರ ಅಂಗಿ ಹಿಡಿದು ಎಳೆದಳು. ರೈಲು ಹೋದ ಮೇಲೆ ಬೆವರೊರೆಸಿಕೊಂಡು "ಎಂಥಾ ಟೈಮಿಂಗ್ ನೋಡಿದ್ಯಾ!" ಎಂದರು. ಯಾರ ಟೈಮಿಂಗ್ ಎಂದು ನಾನು ಕೇಳಲಿಲ್ಲ.

ತೇಲುವ ಸಂತೆಯಲ್ಲಿ ನಾನು, ನನ್ನವರು, ಅಂಕಲ್, ಬ್ರಿಸ್ಬೇನಿನ ಗೆಳತಿ ಒಂದೇ ದೋಣಿಗೆ ಹತ್ತಿದೆವು. ಕಾಲುವೆಯ ನೀರು ಹೆಸರುಬೇಳೆ ಬೇಯಿಸಿದ ಕಟ್ಟಿನಂತಿತ್ತು, ಮೇಲೆ ಎಣ್ಣೆಯ ಪದರ. ಗೆಳತಿ ನನ್ನ ಕಿವಿಯಲ್ಲಿ, "ನಾನೂ ತಂದಿದೀನಿ ಕಣೇ. ಒಂದಿಷ್ಟು ವರ್ಷದ್ದು ಗೌರಿ ದಾರ, ಒಣಗಿದ ಹೂವು. ಅಲ್ಲಿ ಕಸದ ಬುಟ್ಟಿಗೆ ಹಾಕಕ್ಕೆ ಮನಸ್ಸು ಬರಲ್ಲ," ಎಂದು ಒಂದು ಗಂಟು ಮೆಲ್ಲಗೆ ನೀರಿಗಿಳಿಸಿದಳು. ಅದು ಮುಳುಗಲಿಲ್ಲ. ಹಿಂದಿನ ದೋಣಿಯಲ್ಲಿ ಮಾವಿನಹಣ್ಣು ಮಾರುತ್ತಿದ್ದವಳು ಪಾಪ, ಕೈಜಾರಿ ಬಿದ್ದಿರಬೇಕೆಂದು ತನ್ನ ಹುಟ್ಟುಗೋಲಿನಿಂದ ಅದನ್ನೆತ್ತಿ, ನೀರು ಹಿಂಡಿ, ನಗುನಗುತ್ತ ಗೆಳತಿಯ ತೊಡೆಯ ಮೇಲಿಟ್ಟಳು. ನಗು ತಡೆಯಲಾರದೆ ನಾನು ಬಗ್ಗಿದೆ.

"ಈಗ ನಿಂದು ಬಿಡಮ್ಮ, ಕಲ್ಲು, ಮುಳುಗತ್ತೆ," ಎಂದರು ಅಂಕಲ್. ಚೀಲದೊಳಗೆ ಕೈಹಾಕಿದೆ. ಬಟ್ಟೆಯೊಳಗೆ ಗಣಪತಿಯ ಹೊಟ್ಟೆ ಬೆರಳಿಗೆ ತಗುಲಿತು. ಅಮ್ಮ ದಿನವೂ ಒರೆಸಿ ಒರೆಸಿ ನುಣುಪಾದ ಹೊಟ್ಟೆ. ಈ ಎಣ್ಣೆನೀರಿಗೆ ಇದನ್ನು ಹಾಕಲೇ? "ಮುಂದೆ ನೋಡೋಣ ಅಂಕಲ್," ಎಂದು ಜಿಪ್ ಎಳೆದೆ.

ಮಧ್ಯಾಹ್ನ ಹಳೆಯ ರಾಜಧಾನಿ ಅಯುತ್ಥಯಾ. ಪಾಳುಬಿದ್ದ ಇಟ್ಟಿಗೆ ಗೋಪುರಗಳು, ಗೋಡೆಯುದ್ದಕ್ಕೂ ತಲೆಯಿಲ್ಲದ ಬುದ್ಧರ ಸಾಲು. ಹಿಂದೆ ಯುದ್ಧದಲ್ಲಿ ಕಡಿದದ್ದೆಂದು ಗೈಡ್ ಹೇಳಿದಳು. "ಎಲ್ಲಾ ಭಿನ್ನ. ಯಾರೂ ಕೈ ಮುಗೀಬೇಡಿ," ಎಂದು ಅಂಕಲ್ ಅವರ ಅಪ್ಪಣೆಯಾಯಿತು. ಅಪ್ಪಣೆ ಕೊಟ್ಟವರೇ ಒಂದು ವಿಗ್ರಹದ ಹಿಂದೆ ಹೋಗಿ, ಅದರ ಕತ್ತಿನ ಮೇಲೆ ತಮ್ಮ ಕೂಲಿಂಗ್ ಗ್ಲಾಸಿನ ತಲೆಯಿಟ್ಟು, "ತೆಗಿಯಪ್ಪ ಫೋಟೋ," ಎಂದರು. ಬೆಳಗಿನಿಂದ ಮುಗುಳ್ನಗುತ್ತಿದ್ದ ಗೈಡ್ ಕೆರಳಿ ಕೊಡೆ ಬೀಸುತ್ತ ಓಡಿ ಬಂದಳು. ಸುಪ್ರೀಂ ಕೋರ್ಟು ಮಂಡಿಯೂರಿ ಕ್ಷಮೆ ಕೇಳಬೇಕಾಯಿತು. ನನಗಾದ ಸಂತೋಷವನ್ನು ಮುಚ್ಚಿಡಲಾರೆ.

ಅದೇ ಸಾಲಿನ ಕೊನೆಯಲ್ಲಿ ಮುದುಕಿಯೊಬ್ಬಳು ತಲೆಯಿಲ್ಲದ, ಒಂದು ತೋಳೂ ಇಲ್ಲದ ಬುದ್ಧನಿಗೆ ಹೊಸ ಹಳದಿ ವಸ್ತ್ರ ಉಡಿಸುತ್ತಿದ್ದಳು. ಮಗುವಿಗೆ ಶಾಲು ಹೊದಿಸಿದಂತೆ ಹೆಗಲಿನ ಬಳಿ ಎಳೆದು ಸರಿಮಾಡಿದಳು. ನೋಡುತ್ತ ನಿಂತ ನನಗೆ ಅಳು ಬಂದುಬಿಟ್ಟಿತು. ಅಮ್ಮ ಕೊನೆಯ ದಿನಗಳಲ್ಲಿ ಹಾಸಿಗೆ ಹಿಡಿದಿದ್ದಾಗ ಅಕ್ಕ ಹೀಗೇ ಹೊದಿಸುತ್ತಿದ್ದಳು, ನಾನು ವಿಡಿಯೋ ಕಾಲಿನಲ್ಲಿ ನೋಡುತ್ತಿದ್ದೆ.

"ಇಲ್ಲೂ ಹೊಳೆ ಇದ್ಯಂತೆ, ಹೋಗಿ ಬಿಟ್ಬಿಡು," ಎಂದು ಮಂಡಿಯ ಮಣ್ಣು ಕೊಡವುತ್ತ ಅಂಕಲ್ ಬಂದರು.

"ಅಂಕಲ್, ದಿನಾ ಬೆಳಿಗ್ಗೆ ಗ್ರೂಪಿಗೆ ಏಕದಂತನ ಫೋಟೋ ಹಾಕ್ತೀರಲ್ಲ, ಅವನ ಇನ್ನೊಂದು ದಂತ ಏನಾಯ್ತು?"

"ಅದೇ ಬೇರೆ, ಇದೇ ಬೇರೆ," ಎಂದವರು ವ್ಯಾನಿನ ಎಸಿ ಹುಡುಕಿಕೊಂಡು ಹೋದರು. ನನ್ನವರು ನನ್ನ ಕೈಯಿಂದ ಚೀಲ ತೆಗೆದುಕೊಂಡು ತಮ್ಮ ಹೆಗಲಿಗೆ ಹಾಕಿಕೊಂಡರು.

ಪರ್ತ್ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ನನ್ನವರು ಉಳಿದ ಕೋಡುಬಳೆಯನ್ನೂ ಬಿಡದೆ ಎಲ್ಲವನ್ನೂ ತೋರಿಸಿದರು. ಅಧಿಕಾರಿ ರವಿಕೆ ಕಣ ಬಿಚ್ಚಿ, ಅಯ್ಯೋ, ದಾರಿಯಲ್ಲಿ ಮುರಿಯಿತೇ ಎಂದು ಇಂಗ್ಲಿಷಿನಲ್ಲಿ ಕೇಳಿದ. ಇಲ್ಲ, ಮನೆಯಲ್ಲೇ, ನಮ್ಮ ಅತ್ತೆಯವರದು, ಮನೆಗೇ ವಾಪಸ್ ಎಂದರು ನನ್ನವರು.

ಮನೆಗೆ ಬಂದ ಮೇಲೆ ನಾನು ಕುಕ್ಕರ್ ಇಟ್ಟು ನೋಡಿದರೆ ಆಸಾಮಿ ಗರಾಜಿನಲ್ಲಿ ಹಳೇ ಪೇಪರ್ ಹಾಸಿಕೊಂಡು ಕೂತಿದ್ದಾರೆ. ರೋಬೋದ ಹೊಟ್ಟೆ ಬಿಚ್ಚಿ ಸುರಿದು, ಗಣಿಯಲ್ಲಿ ಕಲ್ಲು ನೋಡುವ ಭೂತಗನ್ನಡಿ ಕಣ್ಣಿಗೊತ್ತಿ, ಕೂದಲು ಧೂಳಿನ ರಾಶಿಯನ್ನು ಬೆರಳಿನಿಂದ ಕೆದಕುತ್ತಿದ್ದಾರೆ.

"ಸಿಕ್ತು ಕಣೇ!"

ಕಡಲೆಕಾಳಿನಷ್ಟು ದೊಡ್ಡ ಕಪ್ಪು ಚೂರು. ಅಂಗೈಯಲ್ಲಿ ತಂದು ಕೊಟ್ಟರು. ನಾನು ದುಪಟ್ಟಾದ ತುದಿಯಿಂದ ಒರೆಸಿದೆ, ಅಮ್ಮ ಒರೆಸುತ್ತಿದ್ದ ಹಾಗೆ.