ತಿರುವಿನಲ್ಲಿ ತಿರುಗಿ ನಿಂತ ಕೆಂಪು ಕಾರು

ಮುಂದಕ್ಕೆ ಹೋಗುತ್ತಿದ್ದ ಕಾರು ಥಟ್ಟನೆ ತಿರುಗಿ, ಬಂದ ದಾರಿಯನ್ನೇ ನೋಡುತ್ತ ನಿಂತರೆ ನೀವೇನು ಮಾಡುತ್ತೀರಿ?

ನಾನು ಕಣ್ಣು ಮುಚ್ಚಿಕೊಂಡೆ. ಕ್ರಿಸ್ಮಸ್ ಕಳೆದ ಮೊದಲ ಭಾನುವಾರ, ಅನಂತಪುರದ ಇಂಡಸ್ಟ್ರಿಯಲ್ ಎಸ್ಟೇಟಿನ ಹತ್ತಿರದ ತಿರುವು. ತಿರುವಿನಾಚೆ ದನವೊಂದು ನಿಂತಿತ್ತು. ಓಡಿಸುತ್ತಿದ್ದ ಟೀಚರ್ ಆಕ್ಸಿಲರೇಟರಿನಿಂದ ಕಾಲು ತೆಗೆದರು, ಅಷ್ಟೇ. ಕಾರಿನ ಹಿಂಭಾಗ ಎದ್ದು, ಜಾರಿ, ಬುಗುರಿಯ ಹಾಗೆ ಅರ್ಧ ಸುತ್ತು ಬಂತು. ಕಣ್ಣು ಬಿಟ್ಟಾಗ ರಸ್ತೆ ಪಕ್ಕದ ಮುರಕಲ್ಲಿನ ಗೋಡೆ ನನ್ನ ಮೊಣಕೈಗೆ ಒಂದು ಗೇಣು ದೂರದಲ್ಲಿತ್ತು. ದನ ಮಾತ್ರ ನಿಂತಲ್ಲೇ ಇತ್ತು.

ಸೈಕಲ್ಲಿನಲ್ಲಿ ಮೀನು ಮಾರುವವರೊಬ್ಬರು ಇಳಿದು ನಮ್ಮನ್ನು ನೋಡಿದರು. "ಎಂತ ಟೀಚರ್, ಮನೆಯಲ್ಲಿ ಎಂತಾದ್ರೂ ಮರ್ತು ಬಂದ್ರಾ?" ಎಂದು ಕೇಳಿದರು.

ಟೀಚರ್ ನಗಲಿಲ್ಲ. ಎಂಜಿನ್ ಆಫ್ ಮಾಡಿದರು. ಕನ್ನಡಕ ತೆಗೆದು ಸೀರೆಯ ಸೆರಗಿನಲ್ಲಿ ಒರೆಸಿದರು. ಆಮೇಲೆ ನನ್ನ ಕಡೆ ತಿರುಗಿ, "ಶಂಕರ, ಈಗ ನಡೆದದ್ದನ್ನು ಸರಿಯಾಗಿ ಹೇಳು. ಮೊದಲು ಎದ್ದದ್ದು ಯಾವ ಚಕ್ರ?" ಎಂದರು.

ನನಗೆ ಹೇಗೆ ಗೊತ್ತು? ನನ್ನ ಜೀವವೇ ಎದ್ದು ಹೋಗಿತ್ತಲ್ಲ!

ಇವರು ಬೇಳ ಊರಿನ ಸಿಸಿಲಿಯಾ ಟೀಚರ್. ಹೈಸ್ಕೂಲಿನಲ್ಲಿ ನನಗೆ ಫಿಸಿಕ್ಸ್ ಕಲಿಸಿದವರು. ಕಳೆದ ವರ್ಷ ರಿಟೈರ್ ಆದರು. ಒಂಟಿ ಜೀವ, ಮಾತು ಕಡಿಮೆ, ಕೈಬರಹ ಅಚ್ಚಿನ ಹಾಗೆ. ಲ್ಯಾಬಿನಲ್ಲಿ ಉತ್ತರ ಸರಿ ಬಂದರೂ ಅಳತೆಗಳನ್ನು ಬರೆದಿಡದಿದ್ದರೆ ಮಾರ್ಕು ಕೊಡುತ್ತಿರಲಿಲ್ಲ. (ಈಗಲೂ ಅವರೆದುರು ನಾನು ಅಂಗಿಯ ಮೇಲಿನ ಗುಂಡಿ ಹಾಕಿಕೊಳ್ಳುತ್ತೇನೆ.)

ಕಾರು ಅವರ ಅಣ್ಣನದು. ಬೊಂಬಾಯಿಯಲ್ಲಿದ್ದವರು ಕಣ್ಣಿನ ದೃಷ್ಟಿ ಮಂದವಾದ ಮೇಲೆ ಅದನ್ನು ತಂಗಿಗೆ ಕಳಿಸಿಕೊಟ್ಟಿದ್ದರು. ಎರಡೇ ಸೀಟು, ಎರಡೇ ಬಾಗಿಲು, ತೆಗೆಯಬಹುದಾದ ಬಟ್ಟೆಯ ಮಾಡು, ಕುಂಕುಮದ ಬಣ್ಣ. ವಿದೇಶಿ ಸ್ಪೋರ್ಟ್ಸ್ ಕಾರು, ವಯಸ್ಸಿನಲ್ಲಿ ನನಗಿಂತ ಸ್ವಲ್ಪ ಕಿರಿಯದು. ಟೀಚರಿಗೆ ಅದು ಬೇಕಿರಲಿಲ್ಲ. ಉಪ್ಪಳದ ನವೀನನಿಗೆ ಬೇಕಿತ್ತು. ಅವನು ದುಬೈಯಿಂದ ಮದುವೆಗೆಂದು ಮೂರು ತಿಂಗಳ ರಜೆಯಲ್ಲಿ ಬಂದಿದ್ದ. ಹಾಲ್‌ನಿಂದ ಮದುಮಗಳನ್ನು ಈ ಕಾರಿನಲ್ಲೇ ಕರೆದುಕೊಂಡು ಹೋಗಬೇಕು ಎಂಬುದು ಅವನ ಆಸೆ. ಮಾತುಕತೆ ಮುಗಿದಿತ್ತು. ಸಹಿ ಹಾಕುವುದೊಂದೇ ಬಾಕಿ.

ನಾನು ಬಂದದ್ದು ಆ ಸಹಿಗೆ. ವಿದ್ಯಾನಗರದ ಕಲೆಕ್ಟರೇಟಿನಲ್ಲಿ ಗುಮಾಸ್ತನಾಗಿರುವವನಿಗೆ ಆರ್.ಟಿ.ಓ. ಫಾರಂ ತುಂಬಿಸಲು ಬರದೇ ಇರುತ್ತದೆಯೇ? (ಬರುವುದಿಲ್ಲ. ನನ್ನದು ಭೂಕಂದಾಯದ ಸೆಕ್ಷನ್. ಆದರೆ ಟೀಚರಿಗೆ ಹಾಗೆ ಹೇಳುವ ಧೈರ್ಯ ಯಾರಿಗಿದೆ?) ಫಾರಂ ತುಂಬಿಸಿ ಆದ ಮೇಲೆ ಟೀಚರ್, "ಕೊಡುವ ಮೊದಲು ಒಮ್ಮೆ ಓಡಿಸಿ ನೋಡ್ತೇನೆ, ನೀನೂ ಬಾ" ಎಂದರು. ಹೋದೆವು. ತಿರುಗಿ ನಿಂತೆವು.

ಮರುದಿನ ನವೀನ ಬಂದಾಗ ಟೀಚರ್ ಸಹಿ ಹಾಕಲಿಲ್ಲ.

"ಈ ಕಾರು ತಿರುವಿನಲ್ಲಿ ಕೈ ಬಿಡ್ತದೆ. ಅದು ಸರಿಯಾಗದೆ ನಾನು ಕೊಡುದಿಲ್ಲ."

"ನಾನು ಸ್ಲೋ ಹೋಗ್ತೇನೆ ಟೀಚರ್."

"ನಾನು ಫಾಸ್ಟ್ ಹೋದದ್ದಲ್ಲ ನವೀನ. ದನ ಕಂಡು ಕಾಲು ತೆಗ್ದದ್ದು. ನಿನಗೂ ದನ ಸಿಗ್ತದೆ."

ನವೀನ ಉತ್ಸಾಹಿ. ಹಾಗಾದರೆ ಸಸ್ಪೆನ್ಷನ್ ಅಪ್‌ಗ್ರೇಡ್ ಮಾಡುವ ಎಂದ. ಮಂಗಳೂರಿನ ಒಂದು ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋಗಿ ರೇಸ್ ಕಾರಿಗೆ ಹಾಕುವಂಥ ಬಿಗಿಯಾದ ಶಾಕ್ ಅಬ್ಸಾರ್ಬರ್ ತಂದ. ಹಿಂದಿನ ಸ್ಪ್ರಿಂಗಿಗೆ ಇನ್ನೊಂದು ಪ್ಲೇಟ್ ಸೇರಿಸಿದರೆ ಕಾರು ಕಲ್ಲಿನ ಹಾಗೆ ನಿಲ್ಲುತ್ತದೆ ಎಂದು ಅಂಗಡಿಯವರು ಹೇಳಿದ್ದರಂತೆ. ಎಲ್ಲವನ್ನೂ ಒಂದೇ ದಿನ ಹಾಕಿಸಿದ. ನೇರ ರಸ್ತೆಯಲ್ಲಿ ಕಾರು ಬಾಣದ ಹಾಗೆ ಹೋಯಿತು. ನವೀನ ಮೀಸೆ ತಿರುವಿದ.

ಟೀಚರ್ ಮಾತ್ರ ಏಳೆಂಟು ಖಾಲಿ ಪೇಂಟ್ ಡಬ್ಬಗಳನ್ನು ಅನಂತಪುರಕ್ಕೆ ಒಯ್ದರು. ಭಾನುವಾರ ಆ ಕಡೆ ಫ್ಯಾಕ್ಟರಿಗಳಿಗೆ ರಜೆ, ರಸ್ತೆ ಖಾಲಿ. ತಿರುವಿನಲ್ಲಿ ಡಬ್ಬಗಳನ್ನು ಸಾಲಾಗಿ ಇಟ್ಟರು. ಸ್ಪೀಡು ಓದಿ ಹೇಳುವ ಕೆಲಸ ನನ್ನದು. ಮೂವತ್ತರಲ್ಲಿ ಸರಿ. ನಲವತ್ತರಲ್ಲಿ ಸರಿ. ನಲವತ್ತೈದರಲ್ಲಿ ಕಾಲು ತೆಗೆದದ್ದೇ, ಮೊದಲಿಗಿಂತಲೂ ಬೇಗ ಹಿಂಭಾಗ ಜಾರಿ ಮೂರು ಡಬ್ಬ ಚಪ್ಪಟೆ.

"ಕೆಟ್ಟದಾಯ್ತು" ಎಂದರು ಟೀಚರ್. ಮುಖದಲ್ಲಿ ಬೇಸರವಿರಲಿಲ್ಲ. "ಆದ್ರೆ ಯಾವುದರಿಂದ ಕೆಟ್ಟದ್ದು? ಎರಡನ್ನು ಒಟ್ಟಿಗೆ ಬದಲಿಸಿದ್ದೇವೆ. ಗೊತ್ತಾಗ್ಲಿಕ್ಕಿಲ್ಲ. ಇನ್ನು ಒಂದೊಂದೇ."

ಹೆಚ್ಚುವರಿ ಪ್ಲೇಟ್ ತೆಗೆಸಬೇಕಲ್ಲ? ಹಾಗಾಗಿ ನಾಯ್ಮಾರ್ಮೂಲೆಗೆ ಹೋದೆವು. ಅಲ್ಲಿ ಅದ್ದುಚ್ಚನ ಶೆಡ್ ಉಂಟು. ಅಬ್ದುಲ್ಲ ಎಂಬ ಹೆಸರಿನ ಈ ಹಿರಿಯರನ್ನು ಊರೆಲ್ಲ ಕರೆಯುವುದು ಹಾಗೆ. ಲಾರಿ, ಬಸ್ಸುಗಳ ಸ್ಪ್ರಿಂಗ್ ಪ್ಲೇಟ್ ಬಡಿದು ಸರಿ ಮಾಡುವುದು ಅವರ ಕಸುಬು. ಸ್ಪೋರ್ಟ್ಸ್ ಕಾರನ್ನು ಅವರು ಹತ್ತಿರದಿಂದ ನೋಡಿದ್ದೇ ಅಂದು. ಬಾನೆಟ್ ಕಡೆ ಕಣ್ಣೂ ಹಾಯಿಸಲಿಲ್ಲ. ನೆಲದಲ್ಲಿ ಗೋಣಿ ಹಾಸಿ ಹಿಂದಿನಿಂದ ಕೆಳಗೆ ನುಗ್ಗಿದರು. ಎದ್ದು ಬಂದು ಒಂದೇ ಪ್ರಶ್ನೆ ಕೇಳಿದರು.

"ಇದರಲ್ಲಿ ಎಷ್ಟು ಜನ ಕೂತ್ಕೊಳ್ಳುದು ಟೀಚರೇ?"

"ಇಬ್ಬರು."

"ಮತ್ತೆ ಹತ್ತು ಮೂಟೆ ಸಿಮೆಂಟ್ ಹೇರುವ ಹಾಗೆ ಪ್ಲೇಟ್ ಯಾಕೆ?"

ಆಮೇಲೆ ಅದ್ದುಚ್ಚ ಮಾಡಿದ್ದನ್ನು ನಾನು ಮರೆಯುವುದಿಲ್ಲ. ಹಿಂದಿನ ಬಂಪರನ್ನು ಎರಡೂ ಕೈಯಲ್ಲಿ ಹಿಡಿದು ಎತ್ತಿದರು. ಎರಡು ಚಕ್ರಗಳ ಬುಡಗಳು ಒಳಮುಖವಾಗಿ ಮಡಚಿಕೊಂಡವು. ಬಿಟ್ಟು, ಮೇಲೆ ಕೂತು ಅದುಮಿದರು. ಚಕ್ರಗಳು ಕಾಲಗಲಿಸಿ ನಿಂತವು.

"ನೋಡಿ, ಹಿಂದಿನದ್ದು ಎದ್ರೆ ಕಾಲು ಮಡ್ಚುತ್ತದೆ. ಮಡ್ಚಿದ ಕಾಲಲ್ಲಿ ಯಾರಾದ್ರೂ ನಿಲ್ತಾರಾ? ಬೀಳುದೇ. ಇದನ್ನು ಏಳ್ಲಿಕ್ಕೆ ಬಿಡ್ಬಾರ್ದು. ನೀವು ಪ್ಲೇಟ್ ಸೇರ್ಸಿ ಇನ್ನೂ ಎಬ್ಬಿಸಿದ್ದೀರಿ."

ಟೀಚರ್ ಅದ್ದುಚ್ಚನ ಕೈಯಿಂದ ಗುರುತು ಹಾಕುವ ಸೀಮೆಸುಣ್ಣ ತೆಗೆದುಕೊಂಡು ಶೆಡ್ಡಿನ ತಗಡಿನ ಮೇಲೆ ಚಿತ್ರ ಬಿಡಿಸಿದರು. ಬಾಣದ ಗುರುತು, ಕೋನ, ಭಾರ ಎಲ್ಲಿ ಬೀಳುತ್ತದೆ ಎಂಬ ಚುಕ್ಕೆ. ಅದ್ದುಚ್ಚ ಅದನ್ನು ನೋಡಿ ಒಂದು ಗೆರೆ ಒರೆಸಿ ಸ್ವಲ್ಪ ಕೆಳಗೆ ಎಳೆದರು. ಟೀಚರ್ ಯೋಚಿಸಿ ತಲೆಯಾಡಿಸಿದರು. ಮೂವತ್ತು ವರ್ಷ ಕಲಿಸಿದವರ ಚಿತ್ರವನ್ನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವರು ತಿದ್ದಿದರು, ಅವರು ಒಪ್ಪಿದರು! ಆ ಇಬ್ಬರಲ್ಲಿ ಯಾರನ್ನು ಹೆಚ್ಚು ಮೆಚ್ಚಬೇಕು, ನೀವೇ ಹೇಳಿ.

ಅದ್ದುಚ್ಚ ಹೆಚ್ಚುವರಿ ಪ್ಲೇಟ್ ತೆಗೆದು, ಉಳಿದವುಗಳನ್ನು ಬೆಂಕಿಗೆ ಹಾಕದೆ ಸುತ್ತಿಗೆಯಲ್ಲೇ ಬಡಿದು ಬಾಗು ಕಡಿಮೆ ಮಾಡಿದರು. ಕಾರಿನ ಹಿಂಭಾಗ ಎರಡು ಬೆರಳು ತಗ್ಗಿತು. ಭಾನುವಾರ ಡಬ್ಬಗಳ ನಡುವೆ ಓಡಿಸಿದಾಗ ಐವತ್ತರವರೆಗೆ ಮಿಸುಕಲಿಲ್ಲ. ಆದರೆ ವಾಪಸ್ ಬರುವಾಗ ರಸ್ತೆಯ ಹಂಪ್‌ಗೆ ಸೈಲೆನ್ಸರ್ ಬಡಿಯಿತು. ಇನ್ನೊಮ್ಮೆ ಬಿಚ್ಚಿ ಅರ್ಧ ಬೆರಳು ಎತ್ತಿದರು. ಮುಂದಿನ ಭಾನುವಾರ ಶಾಕ್ ಅಬ್ಸಾರ್ಬರ್ ಸರದಿ. ರೇಸಿನ ಬಿಗಿ ನಮ್ಮ ರಸ್ತೆಯ ಗುಂಡಿಗಳಲ್ಲಿ ಚಕ್ರವನ್ನು ನೆಲ ಬಿಡಿಸುತ್ತಿತ್ತು. ನೆಲ ಬಿಟ್ಟ ಚಕ್ರ ಕಾರನ್ನು ಹಿಡಿಯುವುದು ಹೇಗೆ? ಟೀಚರ್ ಅದನ್ನು ತೆಗೆಸಿ ಸಾಧಾರಣದ್ದು ಹಾಕಿಸಿದರು. ಪ್ರತಿ ಸಲವೂ ನೋಟ್‌ಬುಕ್ಕಿನಲ್ಲಿ ಬರೆದರು. ಪ್ರತಿ ಸಲವೂ ನಾನು ಬಾಗಿಲನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ಇಷ್ಟರಲ್ಲಿ ಮದುವೆಗೆ ಒಂದೇ ವಾರ. ನವೀನನ ತಾಳ್ಮೆ ಮುಗಿಯಿತು.

"ಟೀಚರ್, ನಾನು ಕೇಳಿದ್ದು ರೇಸ್ ಕಾರಿನ ಹಾಗೆ. ನೀವು ಅದನ್ನು ಅಜ್ಜನ ಕಾರು ಮಾಡಿದ್ರಿ. ಈಗಾದ್ರೂ ಕೊಡ್ತೀರಾ?"

"ಇನ್ನೊಂದು ಕೆಲಸ ಉಂಟು. ಮುಂದಿನ ಭಾಗದ್ದು ಆಗ್ಲಿಲ್ಲ."

"ಹಾಗಾದ್ರೆ ನನಗೆ ಕಾರೇ ಬೇಡ!"

ಹೋದ. ಬಿಳಿ ಅಂಬಾಸಿಡರಿಗೆ ಹೂವಿನ ಮಾಲೆ ಹಾಕಿಸಿ ಅದರಲ್ಲೇ ಮದುಮಗಳನ್ನು ಕರೆದುಕೊಂಡು ಹೋದ. ಟೀಚರಿಗೆ ತಲೆ ಸರಿಯಿಲ್ಲ, ಬಂದ ಗಿರಾಕಿಯನ್ನು ಓಡಿಸಿದರು ಎಂದು ಬೇಳದಲ್ಲಿ ಮಾತಾಯಿತು. ನಿಜ ಹೇಳಬೇಕೆಂದರೆ ನನಗೂ ಹಾಗೇ ಅನಿಸಿತು. ಆದರೆ ಟೀಚರ್ ಮದುವೆಯ ಮರುದಿನವೇ ಮತ್ತೆ ಅದ್ದುಚ್ಚನ ಶೆಡ್ಡಿಗೆ ಹೊರಟಿದ್ದರು.

"ಇನ್ನು ಯಾಕೆ ಟೀಚರ್? ತಗೊಳ್ಳುವವನೇ ಹೋದ."

"ಅವನು ಹೋದ ಶಂಕರ. ಕಾರಿನ ತಪ್ಪು ಹೋಯ್ತಾ?"

ನಾನು ಕಾರು ಹತ್ತಿದೆ.

ಮುಂದಿನ ಎರಡು ಚಕ್ರಗಳ ನಡುವೆ, ತಿರುವಿನಲ್ಲಿ ಕಾರು ವಾಲದಂತೆ ತಡೆಯುವ ಒಂದು ಸಪೂರ ಕಂಬಿ ಇತ್ತು. ಅದರ ಬದಲಿಗೆ ದಪ್ಪದ್ದು ಬೇಕೆಂದು ಟೀಚರ್ ಲೆಕ್ಕ ಹಾಕಿದ್ದರು. ಅದ್ದುಚ್ಚ ಹಳೆ ಸಾಮಾನಿನ ರಾಶಿಯಲ್ಲಿ ಹುಡುಕಿ ಒಂದು ವ್ಯಾನಿನ ಕಂಬಿ ತಂದು ಕತ್ತರಿಸಿ ಕೂರಿಸಿದರು. ಆ ಭಾನುವಾರ ಬಿಳಿ ಮುಂಡು ಉಟ್ಟು, ಇಸ್ತ್ರಿ ಅಂಗಿ ಹಾಕಿ, ಬಸ್ಸು ಹಿಡಿದು ಅವರೂ ಅನಂತಪುರಕ್ಕೆ ಬಂದರು. ಸೀಟು ಎರಡೇ ಆದ್ದರಿಂದ ನಾನು ಸಂತೋಷದಿಂದ ಅವರಿಗೆ ಬಿಟ್ಟುಕೊಟ್ಟು ರಸ್ತೆ ಬದಿ ನಿಂತೆ.

ಐವತ್ತೈದು. ಅದೇ ತಿರುವು. ನಡುವಿನಲ್ಲಿ ಟೀಚರ್ ಬೇಕೆಂದೇ ಕಾಲು ತೆಗೆದರು. ಕಾರು ಸ್ವಲ್ಪ ಮೂಗು ತಗ್ಗಿಸಿ, ತನ್ನ ಗೆರೆಯಲ್ಲೇ ತಿರುವು ಮುಗಿಸಿ, ನೇರವಾಗಿ ಹೊರಟು ಹೋಯಿತು. ಒಂದು ಡಬ್ಬವೂ ಅಲುಗಲಿಲ್ಲ. ಗಟ್ಟಿಯಾಗಿ ಚಪ್ಪಾಳೆ ತಟ್ಟಿದೆ. ಆ ಬಯಲಿನಲ್ಲಿ ಕೇಳುವವರು ಯಾರೂ ಇಲ್ಲ ಎಂದುಕೊಂಡಿದ್ದೆ.

ಇದ್ದರು. ಅಲ್ಲೇ ಹತ್ತಿರದ ಸರೋವರ ಕ್ಷೇತ್ರದ ದೇವಸ್ಥಾನಕ್ಕೆ ಹೊಸ ಹೆಂಡತಿಯನ್ನು ಕರೆದುಕೊಂಡು ಬಂದ ನವೀನ, ವಾಪಸ್ ಹೋಗುವಾಗ ಕೆಂಪು ಕಾರು ಕಂಡು ತನ್ನ ಸ್ಕೂಟರ್ ನಿಲ್ಲಿಸಿದ್ದ. ಮೋರೆ ಸ್ವಲ್ಪ ಬಿಗಿ. ಹೆಂಡತಿ ಶೋಭಾಳಿಗೆ ಅಂಥ ಬಿಗಿಯೇನೂ ಇರಲಿಲ್ಲ.

"ಟೀಚರ್, ನಾನೊಮ್ಮೆ ಕೂತ್ಕೊಳ್ಳಬಹುದಾ?"

ಅದ್ದುಚ್ಚ ಇಳಿದರು, ಶೋಭಾ ಹತ್ತಿದಳು. ಮಡಿಲಲ್ಲಿ ಬಾಳೆಲೆಯ ಪ್ರಸಾದ. ಟೀಚರದ್ದು ಅದೇ ಸ್ಪೀಡು, ಅದೇ ತಿರುವು, ಅದೇ ಕಾಲು ತೆಗೆಯುವುದು. ನವೀನ ನನ್ನ ಪಕ್ಕಕ್ಕೆ ಬಂದು ನಿಂತ. ವಾಪಸ್ ಬಂದಾಗ ಪ್ರಸಾದ ಮಡಿಲಲ್ಲೇ ಇತ್ತು.

"ಎಂತ ಆಯ್ತು?" ಎಂದು ನವೀನ ಕೇಳಿದ.

"ಎಂತ ಆಗ್ಬೇಕಿತ್ತು?" ಎಂದಳು ಅವಳು.

ನವೀನ ಪೇಂಟ್ ಡಬ್ಬಗಳನ್ನು ಒಂದೊಂದಾಗಿ ಹೆಕ್ಕಿ ತಂದು ಟೀಚರ ಎದುರು ಇಟ್ಟ. "ಬೇಡ ಅಂತ ಹೇಳಿದ್ದು ಬಾಯಿ ತಪ್ಪಿ ಟೀಚರ್. ಈಗ ಕೊಡ್ತೀರಾ?" ಎಂದ.

ಟೀಚರ್ ಬುಧವಾರ ಸಹಿ ಹಾಕಿದರು. ಜೊತೆಗೆ ಎರಡು ಹಾಳೆ ಕೊಟ್ಟರು. ಕಾರಿನಲ್ಲಿ ಏನು ತಪ್ಪಿತ್ತು, ಏನೇನು ಬದಲಿಸಿದೆ, ಯಾರು ಮಾಡಿದ್ದು (ಅದ್ದುಚ್ಚನ ಹೆಸರು ದೊಡ್ಡ ಅಕ್ಷರದಲ್ಲಿ), ಇನ್ನೂ ಏನು ಉಳಿದಿದೆ. ಕೊನೆಯ ಸಾಲು: ಮಳೆಯಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂದು ನಾನು ನೋಡಿಲ್ಲ, ಜಾಗ್ರತೆ.

ನವೀನ ಓದಿ ಬೆಚ್ಚಿದ. "ಇದನ್ನು ಓದಿದ್ರೆ ನಾಳೆ ನನ್ನಿಂದ ಯಾರೂ ಈ ಕಾರು ತಗೊಳ್ಳಿಕ್ಕಿಲ್ಲ ಟೀಚರ್!"

"ಓದಿದ ಮೇಲೂ ಬೇಕು ಅನ್ನುವವರಿಗೆ ಕೊಡು."

ಅಂದು ಮನೆಗೆ ಬರುವಾಗ ಬಸ್ಸಿನಲ್ಲಿ ನನಗೆ ಹೋದ ವರ್ಷ ಮಾರಿದ ನನ್ನ ಹಳೆಯ ಮೋಪೆಡ್ ನೆನಪಾಯಿತು. ಅದರ ಮುಂದಿನ ಬ್ರೇಕ್ ಮಳೆಗಾಲದಲ್ಲಿ ಹಿಡಿಯುತ್ತಿರಲಿಲ್ಲ. ಕೊಂಡವರು ಕೇಳಲಿಲ್ಲ, ನಾನು ಹೇಳಲಿಲ್ಲ. ಈಗ ಹೇಳೋಣವೆಂದರೆ ಅವರ ವಿಳಾಸ ನನ್ನಲ್ಲಿಲ್ಲ.

ನೀವು ಮಾರಿದ್ದನ್ನು ಕೊಂಡವರ ವಿಳಾಸ ನಿಮ್ಮಲ್ಲಿ ಉಂಟೇ?