ಹೆಸರಿಲ್ಲದ ಕೆಂಪು ಗೆರೆ

ಬೆರಳಿಗೆ ಸೂಜಿ ಚುಚ್ಚುವ ಮುಂಚೆ ಒರೆಸಿಕೊಳ್ಳುವ ಸ್ಪಿರಿಟ್ಟಿನ ವಾಸನೆ ಇದೆಯಲ್ಲ, ಅದು ಮೂಗಿಗೆ ಬಡಿದರೆ ನನಗೆ ಆಸ್ಪತ್ರೆ ನೆನಪಾಗುವುದಿಲ್ಲ. ಉಡಿಗಾಲದ ನಮ್ಮ ಮನೆಯ ಜಗಲಿ ಮೇಲೆ ಕಾಲು ಚಾಚಿ ಕೂತ ಮಾವ ನೆನಪಾಗುತ್ತಾರೆ. ಈಗ ಸಕ್ಕರೆ ಕಾಯಿಲೆ ನನಗೂ ಬಂದಿದೆ. ನಾಲಿಗೆ ಚಪಲದಲ್ಲಿ ನಾನೇನು ಅವರಿಗಿಂತ ಕಮ್ಮಿಯವಳಲ್ಲ, ಬಿಡಿ.

ಮಾವನ ಕಾಲ್ಬೆರಳಿನ ಗಾಯ ಮಾಯುತ್ತಲೇ ಇರಲಿಲ್ಲ. ಸಕ್ಕರೆ ಇಳಿಯದಿದ್ದರೆ ಬೆರಳು ತೆಗೆಯಬೇಕಾದೀತು ಎಂದು ಚಾಮರಾಜನಗರದ ಡಾಕ್ಟರು ಹೇಳಿಬಿಟ್ಟಿದ್ದರು. ಮನೆಯಲ್ಲಿ ಎಲ್ಲರಿಗೂ ಅದೇ ಭಯ. ಮಾವನಿಗೋ, ಲಿಂಗಪೂಜೆ ಮುಗಿಯದೆ ತೊಟ್ಟು ನೀರೂ ಇಳಿಯದು. ಸಕ್ಕರೆ ನೋಡಲು ನನಗೆ ರಕ್ತದ ಹನಿ ಕೊಡುವುದೂ ಆಮೇಲೆಯೇ. ಹಣೆತುಂಬ ವಿಭೂತಿ ಧರಿಸಿ ಬಂದು ಬೆರಳು ನೀಡುತ್ತಿದ್ದರು.

ನಾನು ಹೈಸ್ಕೂಲಿನಲ್ಲಿ ಗಣಿತದ ಟೀಚರು. ಆಗಷ್ಟೇ ಪ್ರೋಗ್ರಾಂ ಬರೆಯಲು ಕಲಿತಿದ್ದೆ. ಹೊಸದಾಗಿ ಕಲಿತವರ ಉತ್ಸಾಹ ಗೊತ್ತಲ್ಲ, ಕಂಡದ್ದೆಲ್ಲ ಗ್ರಾಫ್. ಮಾವನ ಒಂದೊಂದು ಬೆಳಗಿನ ಸಕ್ಕರೆಗೂ ಒಂದೊಂದು ಚುಕ್ಕಿ, ಡಾಕ್ಟರು ಹೇಳಿದ ಮಿತಿಗೆ ಅಡ್ಡಲಾಗಿ ಒಂದು ಕೆಂಪು ಗೆರೆ. ಪ್ರಿಂಟ್ ತೆಗೆದು ಜಗಲಿ ಗೋಡೆಗೆ ಅಂಟಿಸಿದೆ. ಅದೇ ಪ್ರೋಗ್ರಾಂನಲ್ಲಿ ನಮ್ಮ ಶಾಲೆ ಮಕ್ಕಳ ಅಂಕಗಳನ್ನೂ ಹಾಕುತ್ತಿದ್ದೆ. ಅಲ್ಲಿ ಕೆಂಪು ಗೆರೆ ಎಂದರೆ ಪಾಸಿನ ಅಂಕ. ಮಾವ ಪಕ್ಕದಲ್ಲಿ ಕೂತು ಅದನ್ನೆಲ್ಲ ನೋಡುತ್ತಿದ್ದರು.

ಒಂದು ದಿನ ಪಕ್ಕದ ಮನೆಯ ಶಿವಣ್ಣ ಗಾಯ ವಿಚಾರಿಸಲು ಬಂದ. "ಸರಿಯೋಯ್ತದೆ ಬುಡ್ಲಾ," ಎಂದರು ಮಾವ. "ಗ್ವಾಡೆ ನೋಡು. ಒಂದಾರ ಫೇಲಾಗದಾ? ಎಲ್ಲಾ ಗೆರೆ ಮ್ಯಾಲೇ ಅವೆ."

ಕಾಫಿ ತರುತ್ತಿದ್ದವಳು ಲೋಟ ಕೆಳಗಿಟ್ಟು ಗೋಡೆ ನೋಡಿದೆ. ಇಷ್ಟು ದಿನ ಮನುಷ್ಯ ಪಾಸಾದ ಖುಷಿಯಲ್ಲಿ ಮದುವೆ ಮನೆಗಳಲ್ಲಿ ಉಣ್ಣುತ್ತಿದ್ದರು.

ಸಂಜೆ ಪ್ರೋಗ್ರಾಂ ತೆರೆದು ಗೆರೆಗೊಂದು ಹೆಸರು ಕೊಟ್ಟೆ: 'ಇದರ ಕೆಳಗಿದ್ದರೆ ಬೆರಳು ಉಳಿಯುತ್ತದೆ'. ಅಕ್ಷರಗಳು ಚುಕ್ಕಿಗಳ ಮೇಲೇ ಹೋಗಿ ಕೂತವು. ಅತ್ತ ಸರಿಸಿ ಇತ್ತ ಸರಿಸಿ ಸಾಕಾಯಿತು. ಮಾವ ಹೊಸ ಹಾಳೆಯನ್ನು ತುಂಬಾ ಹೊತ್ತು ಓದಿದರು.

"ಅಂಗಾರೆ ನಾನು ಫೇಲೇನಮ್ಮಿ?"

"ಹೂಂ ಮಾವ. ಇಲ್ಲೀಗಂಟ ಎಲ್ಲದರಲ್ಲೂ."

ಸಿಟ್ಟಾಗಲಿಲ್ಲ. "ಚುಕ್ಕಿಗೂ ಎಸ್ರು ಬರಿ ಮತ್ತೆ. ಯಾವ್ದು ಕೆಡಿಸ್ತು ಅಂತ ಗೊತ್ತಾಗ್ಲಿ," ಎಂದರು.

ಅವರು ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ. 'ಗುಂಡ್ಲುಪೇಟೆ ಮದುವೆ'. 'ಹಂಗಳದ ಬೀಗರ ಮನೆ'. ಕೊನೆಗೆ ದನಿ ತಗ್ಗಿಸಿ ಒಂದು ಹೇಳಿದರು: 'ಕದ್ದು ತಿಂದ ಬೆಲ್ಲ'. ಮೀಸೆ ಹಣ್ಣಾದ ಯಜಮಾನ ತನ್ನ ಕಳ್ಳತನವನ್ನು ಸೊಸೆ ಕೈಯಲ್ಲಿ ಬರೆಸಿ, ಬಂದವರೆಲ್ಲ ಓದುವ ಗೋಡೆಗೆ ಅಂಟಿಸಿಕೊಂಡರು. ಯಾವ ಮಾವ ಮಾಡಿಯಾರು ಹೇಳಿ? ಬರಬರುತ್ತಾ ಚುಕ್ಕಿಗಳು ಕೆಳಗಿಳಿದವು. ಗಾಯವೂ ಒಣಗಿತು.

ಹೋದ ವರ್ಷ ಮಾವ ತುಂಬು ವಯಸ್ಸಿನಲ್ಲಿ ಹೋದರು. ನಮ್ಮಲ್ಲಿ ಹೋದವರನ್ನು ಕೂರಿಸಿ ಮಣ್ಣು ಮಾಡುತ್ತಾರೆ. ಸ್ನಾನ ಮಾಡಿಸಿ, ಚಕ್ಕಳಮಕ್ಕಳ ಹಾಕಿ ಕೂರಿಸಿದ್ದಾಗ ಅವರ ಪಾದ ಮುಟ್ಟಿದೆ. ಬೆರಳುಗಳೆಲ್ಲ ಇದ್ದವು. ಅಷ್ಟು ಅಳುವಿನ ನಡುವೆಯೂ ಮನಸ್ಸು ತಣ್ಣಗಾಯಿತು.

ಈವತ್ತು ನನ್ನ ಚುಕ್ಕಿ ಗೆರೆ ದಾಟಿ ಮೇಲೆ ಹೋಗಿ ಕೂತಿದೆ. ಹೆಸರು ಕೊಡದೆ ಬಿಟ್ಟರೆ ಕೇಳುವವರು ಯಾರೂ ಇಲ್ಲ. ಆದರೂ 'ಬಚ್ಚಿಟ್ಟು ತಿಂದ ಮೈಸೂರು ಪಾಕು' ಎಂದು ಬರೆದು, ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿ, ಓದು ಬಾರಮ್ಮ ಎಂದು ನನ್ನ ಸೊಸೆಯನ್ನು ಕರೆದೆ.