ಬೀಗದಣ್ಣ ಕಾಯ್ದ ಮೊಟ್ಟೆ

ಅವನ ನಿಜವಾದ ಹೆಸರು ಮೃಗಾಲಯದ ಹಾಜರಿ ಪುಸ್ತಕದಲ್ಲಿ ಮಾತ್ರ ಇದೆ. ಮಿಕ್ಕಂತೆ ಎಲ್ಲರಿಗೂ ಅವನು ಬೀಗದಣ್ಣ. ಹಕ್ಕಿಗಳ ವಿಭಾಗದಲ್ಲಿ ಇಪ್ಪತ್ತಾರು ವರ್ಷ ಸವೆಸಿದ್ದಾನೆ. ಬೀಗ ಹಾಕುತ್ತಾನೆ, ಎಳೆದು ನೋಡುತ್ತಾನೆ, ಹತ್ತು ಹೆಜ್ಜೆ ಹೋಗಿ ವಾಪಸು ಬಂದು ಮತ್ತೆ ಎಳೆಯುತ್ತಾನೆ, ಸೈಕಲ್ ಹತ್ತುವ ಮುಂಚೆ ಮೂರನೆಯ ಸಲ. ಮನೆಯಲ್ಲಿ ಹಾಲು ಉಕ್ಕಿದರೂ ಯಾರೋ ಬೇಕಂತಲೇ ಉರಿ ಜಾಸ್ತಿ ಮಾಡಿದ್ದಾರೆ ಅನ್ನುತ್ತಾನಂತೆ. ಅವನ ಹೆಂಡತಿಯೇ ನನಗೆ ಹೇಳಿದ್ದು. ಆ ಮನೆಯಲ್ಲಿರುವುದು ಗಂಡ ಹೆಂಡತಿ ಇಬ್ಬರೇ.

ನಾನು ಆಹಾರದ ಕೋಣೆಯವಳು. ಬೆಳಗಾದರೆ ಮೀನು ಕತ್ತರಿಸು, ಹಣ್ಣು ಹೆಚ್ಚು, ಕಾಳು ನೆನೆಹಾಕು, ಬಕೆಟ್ಟಿಗೆ ತುಂಬಿ ತೂಗು. ನನ್ನ ಬಾಯಿ ಸ್ವಲ್ಪ ಜೋರು, ಇಲ್ಲವೆನ್ನುವುದಿಲ್ಲ. ಬೀಗದಣ್ಣನ ಗುಮಾನಿಯನ್ನು ಮುಖಕ್ಕೆ ಹೊಡೆದ ಹಾಗೆ ಬೈಯುತ್ತಿದ್ದವಳು ನಾನೊಬ್ಬಳೇ. ಅವನು ನಂಬುತ್ತಿದ್ದುದೂ ನನ್ನೊಬ್ಬಳನ್ನೇ. ಬಹಳ ಹಿಂದೆ ನೀರುನಾಯಿಗಳ ಗೇಟು ತೆರೆದೇ ಉಳಿದು, ಒಂದು ನೀರುನಾಯಿ ರಸ್ತೆಗೆ ಹೋಗಿ ಸತ್ತಿತು. ಆ ಕಡೆಯ ಬೀಗದ ಜವಾಬ್ದಾರಿಯೂ ಆಗ ಅವನದೇ, ಎಲ್ಲರೂ ಅವನ ಕಡೆ ಬೊಟ್ಟು ಮಾಡಿದರು. ಮೀನಿನ ಗಾಡಿ ತಳ್ಳಿಕೊಂಡು ಹೋಗಿ ಗೇಟು ಮರೆತವಳು ನಾನು. ಸಾಹೇಬರ ಮುಂದೆ ನಿಂತು ಹಾಗೆಯೇ ಹೇಳಿದೆ, ಹದಿನೈದು ದಿನ ಅಮಾನತಾಗಿ ಮನೆಯಲ್ಲಿ ಕೂತೆ. ಅಂದಿನಿಂದ ಅವನು ಎಲ್ಲ ಬೀಗಗಳನ್ನೂ ಮೂರು ಸಲ ಎಳೆಯುತ್ತಿದ್ದ, ನನ್ನ ಕೋಣೆಯದೊಂದನ್ನು ಬಿಟ್ಟು.

ಈ ವರ್ಷದ ರಗಳೆ ಸಾರಸದ ಮೊಟ್ಟೆಯದು. ನಮ್ಮಲ್ಲಿರುವುದು ಒಂದೇ ಜೋಡಿ ಸಾರಸ, ಹೆಣ್ಣಿಗೆ ವಯಸ್ಸಾಗಿದೆ. ಹಿಂದಿನ ಎರಡು ವರ್ಷವೂ ಗಂಡು ಗಡಿಬಿಡಿಯಲ್ಲಿ ಮೊಟ್ಟೆ ತುಳಿದು ಒಡೆದಿತ್ತು. ಈ ಸಲ ಇಟ್ಟದ್ದು ಒಂದೇ. ಇದೇ ಕೊನೆಯದಿರಬಹುದು ಅಂತ ಹೊಸ ಡಾಕ್ಟರಮ್ಮ ಹೇಳಿದ್ದರು. ಹಾಗಾಗಿ ಗೂಡಿನಿಂದ ಅದನ್ನು ತೆಗೆದು, ಬದಲಿಗೆ ಬಣ್ಣ ಬಳಿದ ಮರದ ಮೊಟ್ಟೆ ಇಟ್ಟರು. ಹಕ್ಕಿಗಳು ಪಾಪ, ಅದನ್ನೇ ನಂಬಿ ಕಾವಿಗೆ ಕೂತವು. ನಿಜವಾದದ್ದು ನನ್ನ ಪಕ್ಕದ ಕೋಣೆಯ ಕಾವು ಪೆಟ್ಟಿಗೆಗೆ ಬಂತು. ಮರಿ ಹೊರಬರುವ ಹೊತ್ತಿಗೆ ಮತ್ತೆ ಗೂಡಿಗೆ ಸೇರಬೇಕು.

ಪೆಟ್ಟಿಗೆಯೇನೋ ತಾನೇ ಮೊಟ್ಟೆ ತಿರುಗಿಸುವಂಥದ್ದು. ಯಂತ್ರವನ್ನು ನಂಬುವ ಪೈಕಿಯೇ ಬೀಗದಣ್ಣ? ಡಾಕ್ಟರಮ್ಮನ ಜೊತೆ ಜಗಳವಾಡಿ, ಆ ಸ್ವಿಚ್ಚಿಗೆ ಟೇಪು ಸುತ್ತಿ, ಕೈಯಲ್ಲೇ ತಿರುಗಿಸುತ್ತೇನೆ ಅಂದ. ಮೊಟ್ಟೆಯ ಒಂದು ಮಗ್ಗುಲಿಗೆ ಪೆನ್ಸಿಲಿನ ಗೆರೆ, ಇನ್ನೊಂದಕ್ಕೆ ಸೊನ್ನೆ. ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ ಮೂರು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಒಂದೇ ಮಗ್ಗುಲಲ್ಲಿ ಬಿದ್ದಿದ್ದರೆ ಮರಿ ಒಳಗೇ ಚಿಪ್ಪಿಗೆ ಅಂಟಿಕೊಂಡು ಸಾಯುತ್ತದೆ. ಇಷ್ಟು ನನಗೂ ಗೊತ್ತಿತ್ತು. ಇಷ್ಟೇ ಗೊತ್ತಿತ್ತು ಅನ್ನುವುದೇ ಆಮೇಲೆ ಮುಳುವಾಯಿತು.

ಒಂದು ಮಧ್ಯಾಹ್ನ ಊಟ ಮುಗಿಸಿ ಆ ಕೋಣೆಯ ಕಿಟಕಿಯಲ್ಲಿ ಇಣುಕಿದೆ, ಪೆಟ್ಟಿಗೆಯ ಗಾಜಿನೊಳಗೆ ಗೆರೆ ಮೇಲಿತ್ತು. ಸಂಜೆ ಅವನು ಹೋದ ಮೇಲೆ ಇಣುಕಿದೆ, ಆಗಲೂ ಗೆರೆ. ಮಾರನೆಯ ದಿನ ಮಧ್ಯಾಹ್ನ ಸೊನ್ನೆ, ಸಂಜೆಯೂ ಸೊನ್ನೆ. ಮಧ್ಯಾಹ್ನದ ಮೇಲೆ ಇವನು ಮೊಟ್ಟೆಯನ್ನು ಮುಟ್ಟುತ್ತಲೇ ಇಲ್ಲ! ಆ ತಿಂಗಳು ಅವನ ಹೆಂಡತಿಗೆ ಆಪರೇಷನ್ ಆಗಿತ್ತು, ತಲೆ ಎಲ್ಲಿಟ್ಟಿದ್ದಾನೋ ಏನೋ. ಕೇಳಿದರೆ ರಂಪ ಮಾಡುತ್ತಾನೆ. ಎಲ್ಲ ಕೋಣೆಗಳ ಎರಡನೆಯ ಕೀಲಿ ನನ್ನ ಗೋಡೆಯ ಮೊಳೆಗಳಲ್ಲೇ ತೂಗುತ್ತದೆ. ಕೈ ತೊಳೆದುಕೊಂಡು ಹೋಗಿ ಮೊಟ್ಟೆ ತಿರುಗಿಸಿ ಬಂದೆ. ನಾಲ್ಕು ಸಂಜೆ ಹೀಗೇ ಮಾಡಿದೆ, ಮನಸ್ಸಿನಲ್ಲೇ ನನ್ನ ಬೆನ್ನು ತಟ್ಟಿಕೊಂಡೆ.

ಐದನೆಯ ದಿನ ಬೆಳಿಗ್ಗೆ ನಾನು ಮೀನು ಕತ್ತರಿಸುತ್ತಿದ್ದಾಗ ಬೀಗದಣ್ಣ ಒಳಗೆ ಬಂದು ಬಾಗಿಲು ಹಾಕಿದ. ಮುಖ ಗಂಟಿಕ್ಕಿತ್ತು. ಸಂಜೆ ಒಂದು ಮಗ್ಗುಲು ಬಿಟ್ಟು ಹೋದರೆ ಬೆಳಿಗ್ಗೆ ಇನ್ನೊಂದು ಮಗ್ಗುಲು ಇರುತ್ತದೆ ಅಂದ. ನಿನ್ನೆ ಪೆಟ್ಟಿಗೆಯ ಬಾಗಿಲಿಗೆ ದಾರ ಅಂಟಿಸಿ ಹೋಗಿದ್ದನಂತೆ, ಇವತ್ತು ಹರಿದಿದೆ. ಇದು ಡಾಕ್ಟರಮ್ಮನದೇ ಕೆಲಸ, ಯಂತ್ರವೇ ಮೇಲು ಅಂತ ತೋರಿಸಲು ಮೊಟ್ಟೆ ಕೆಡಿಸುತ್ತಿದ್ದಾಳೆ ಅಂತ ಸಾಹೇಬರಿಗೆ ದೂರು ಬರೆದು ಜೇಬಿನಲ್ಲಿಟ್ಟುಕೊಂಡಿದ್ದ.

“ಐದೇ ಸಲ ಯಾಕೆ ತಿರುಗಿಸ್ತೀನಿ ಗೊತ್ತಾ ತಂಗಿ? ಬೆಸ ಲೆಕ್ಕ ಆದ್ರೆ ಒಂದು ರಾತ್ರಿ ಗೆರೆ ಮೇಲಿರುತ್ತೆ, ಮಾರನೇ ರಾತ್ರಿ ಸೊನ್ನೆ. ಅವಳು ಆರನೇ ಸಲ ತಿರುಗಿಸ್ತಿದಾಳೆ. ಐದು ರಾತ್ರಿಯಿಂದ ಮೊಟ್ಟೆ ಒಂದೇ ಮಗ್ಗುಲಲ್ಲಿ ಮಲಗಿದೆ.”

ನನ್ನ ಕೈಯಲ್ಲಿದ್ದ ಚಾಕು ಹಾಗೇ ನಿಂತಿತು. ಹನ್ನೆರಡಕ್ಕೊಮ್ಮೆ, ಮೂರಕ್ಕೊಮ್ಮೆ, ಆರಕ್ಕೊಮ್ಮೆ. ಮೂರಕ್ಕೆ ಮಗುಚಿದ್ದನ್ನು ಆರಕ್ಕೆ ಮತ್ತೆ ಮಗುಚಿದರೆ ಮಧ್ಯಾಹ್ನದ ಮಗ್ಗುಲೇ ತಾನೇ ಮೇಲೆ ಬರುವುದು! ಅವನು ಒಂದು ಸಲವೂ ಮರೆತಿರಲಿಲ್ಲ.

ಅವನಿನ್ನೂ ಮಾತಾಡುತ್ತಲೇ ಇದ್ದ. ಎರಡನೆಯ ಕೀಲಿಯನ್ನು ಯಾರು ಕೇಳಿದರೂ ಕೊಡಬೇಡ, ಸೆರಗಿಗೆ ಕಟ್ಟಿಕೋ ಅಂದ. “ಇಲ್ಲಿ ನಿನ್ನೊಬ್ಬಳನ್ನ ಬಿಟ್ರೆ ಯಾರನ್ನೂ ನಂಬಲ್ಲ ನಾನು.”

ಸುಮ್ಮನಿದ್ದುಬಿಡಬಹುದಿತ್ತು. ಇವತ್ತಿನಿಂದ ನಾನು ಆ ಕಡೆ ಹೋಗದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ, ಮೊಟ್ಟೆ ಕೆಟ್ಟರೆ ಡಾಕ್ಟರಮ್ಮನ ತಲೆಗೆ ಬರುತ್ತಿತ್ತು. ಅವನು ಚಿಲಕಕ್ಕೆ ಕೈ ಹಾಕಿದಾಗ ಬಾಯಿ ಬಿಟ್ಟೆ.

“ಅಣ್ಣಾ, ಡಾಕ್ಟರಮ್ಮ ಅಲ್ಲ. ನಾನು. ನೀನು ಮರೀತಿದ್ದೀಯ ಅಂದ್ಕೊಂಡೆ.”

ಅವನು ನನ್ನ ಕೈಗಳನ್ನು ನೋಡಿದ. “ನನ್ನನ್ನ ಒಂದು ಮಾತು ಕೇಳಬಹುದಿತ್ತಲ್ಲ” ಅಂದ.

ನನ್ನ ಹಾಳು ಬಾಯಿ, ಆಗಲೂ ಸುಮ್ಮನಿರಲಿಲ್ಲ. “ನೀನು ಡಾಕ್ಟರಮ್ಮನ್ನ ಕೇಳಿದ್ಯಾ?” ಅಂದುಬಿಟ್ಟೆ.

ಅವನು ಜೇಬಿನ ದೂರನ್ನು ತೆಗೆದು ಮೀನಿನ ಕಸದ ಡಬ್ಬಿಗೆ ಹಾಕಿದ. ಆಮೇಲೆ ತಾನೇ ಹೋಗಿ ಡಾಕ್ಟರಮ್ಮನನ್ನು ಕರೆತಂದ. ಕತ್ತಲು ಮಾಡಿ, ಮೂವರೂ ಮೊಟ್ಟೆಯನ್ನು ಟಾರ್ಚಿನ ಬೆಳಕಿಗೆ ಹಿಡಿದೆವು. ಮೊದಲು ಏನೂ ಕಾಣಲಿಲ್ಲ. ಕೆಂಪು ನರಗಳ ನಡುವೆ ಕಪ್ಪಗಿನದೊಂದು ಮಿಸುಕಿದಾಗ ಡಾಕ್ಟರಮ್ಮ ನನ್ನ ತೋಳು ಹಿಂಡಿದರು. ನಾನು ಅತ್ತುಬಿಟ್ಟೆ. ಬೀಗದಣ್ಣ ಅಲ್ಲಿಯೂ ನಂಬದೆ ಇನ್ನೆರಡು ಸಲ ನೋಡಿದ.

ಮರಿ ಬಂತು. ಈಗ ಅಪ್ಪ ಅಮ್ಮನ ಹಿಂದೆ ಉದ್ದ ಕಾಲು ಹಾಕಿಕೊಂಡು ಓಡಾಡುತ್ತದೆ. ಬೀಗದಣ್ಣ ನನ್ನ ಜೊತೆ ಮುಂಚಿನಂತೆಯೇ ಮಾತಾಡುತ್ತಾನೆ, ಹೆಂಡತಿಯ ಕಾಲುನೋವಿನ ವಿಷಯ ಹೇಳುತ್ತಾನೆ, ನಗುತ್ತಾನೆ. ಸಂಜೆ ನಾನು ಆಹಾರದ ಕೋಣೆಗೆ ಬೀಗ ಹಾಕಿ ಪಕ್ಕಕ್ಕೆ ಸರಿಯುತ್ತೇನೆ. ಅವನು ನನ್ನ ಮುಖ ನೋಡದೆ ಮುಂದೆ ಬಂದು, ಆ ಬೀಗವನ್ನೂ ಮೂರು ಸಲ ಎಳೆದು ನೋಡುತ್ತಾನೆ.